ಜೀಪಿನ ಬೆನ್ನೆಲುಬಿಗೆ ತೇಪೆ

ರಾಯಚೂರಿನಿಂದ ಬಂದ ರಸ್ತೆ ಕಲ್ಮಲದಲ್ಲಿ ಕವಲೊಡೆಯುತ್ತದೆ. ಒಂದು ಕವಲು ಮಾನ್ವಿಯ ಕಡೆಗೆ, ಇನ್ನೊಂದು ದೇವದುರ್ಗದ ಕಡೆಗೆ. ಯಾವ ಕವಲು ಹಿಡಿದರೂ ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದರೆ ಸಿಗುವುದು ಎರೆ ನೆಲವೇ. ಮಳೆಯಲ್ಲಿ ಗಾಲಿ ಹೂತುಹೋಗುವಷ್ಟು ಮೆದು. ಅದೇ ಗಾಲಿಯ ಜಾಡು ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ. ಆ ಜಾಡಿನಲ್ಲಿ ಜೀಪು ಹೋಗುವಾಗ ಮುಂದಿನ ಎಡಗಾಲಿ ದಿಣ್ಣೆ ಹತ್ತಿದರೆ ಹಿಂದಿನ ಬಲಗಾಲಿಯೂ ಇನ್ನೊಂದು ದಿಣ್ಣೆ ಹತ್ತುತ್ತದೆ, ಉಳಿದೆರಡು ಕೆಳಗಿಳಿಯುತ್ತವೆ. ಒದ್ದೆ ಬಟ್ಟೆಯನ್ನು ಇಬ್ಬರು ಹಿಡಿದು ಹಿಂಡುವಂತೆ ಇಡೀ ಜೀಪು ತಿರುಚಿಕೊಳ್ಳುತ್ತದೆ. ಹೀಗೆ ಹಿಂಡಿಸಿಕೊಳ್ಳುವುದು ಅದರ ಚಾಸಿ.

ಚಾಸಿ ಎಂದರೆ ಏಣಿಯಾಕಾರದ ಉಕ್ಕಿನ ಚೌಕಟ್ಟು. ಉದ್ದಕ್ಕೆ ಎರಡು ತೊಲೆ, ಅಡ್ಡಕ್ಕೆ ನಾಲ್ಕಾರು ಪಟ್ಟಿ. ಎಂಜಿನ್ನು, ಕಮಾನು ಪಟ್ಟಿ, ಸ್ಟಿಯರಿಂಗ್ ಪೆಟ್ಟಿಗೆ, ಮೇಲಿನ ತೊಟ್ಟಿ ಎಲ್ಲವೂ ಇದಕ್ಕೇ ಜೋತುಬಿದ್ದಿರುತ್ತವೆ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪು ಹೀಗೇ ಇತ್ತು. 1940ರ ದಶಕದ ಕೊನೆಯಲ್ಲಿ ಮಹೀಂದ್ರಾ ಕಂಪನಿ ನಮ್ಮ ದೇಶದಲ್ಲಿ ಜೋಡಿಸತೊಡಗಿದ ಜೀಪುಗಳೂ ಹೀಗೇ ಇದ್ದವು. ಅವುಗಳ ಸಂತತಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಅಲ್ಲಲ್ಲಿ ಓಡುತ್ತಿದೆ. ಹೊರಗೆ ಹೊಸ ಬಣ್ಣ ಹೊಳೆಯುತ್ತಿದ್ದರೂ ಅಡಿಯಲ್ಲಿ ಕೂದಲೆಳೆಯಷ್ಟು ಬಿರುಕು ಇರಬಹುದು. ಅದೇ ಜೀಪಿನಲ್ಲಿ ನಿಮ್ಮ ಮಕ್ಕಳು ಶಾಲೆಗೋ ಜಾತ್ರೆಗೋ ಹೊರಟಿರಬಹುದು.

ಬಿರುಕು ಹುಟ್ಟಲು ದೊಡ್ಡ ಅಪಘಾತವೇ ಬೇಕೆಂದಿಲ್ಲ. ತಂತಿಯ ತುಂಡನ್ನು ಎಳೆದು ತುಂಡರಿಸಲಾರಿರಿ. ಅದನ್ನೇ ಹತ್ತಾರು ಸಲ ಹಿಂದೆ ಮುಂದೆ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ತಂತಿಯಷ್ಟು ಬಗ್ಗಬೇಕೆಂದೂ ಇಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಬಾಗುವಿಕೆಯೂ ಲಕ್ಷಾಂತರ ಸಲ ಆದರೆ ಸಾಕು. ಇದಕ್ಕೆ ಲೋಹದ ದಣಿವು ಎನ್ನುತ್ತಾರೆ. 1842ರಲ್ಲಿ ಫ್ರಾನ್ಸಿನ ವರ್ಸೈಲ್ಸ್‌ನಿಂದ ಪ್ಯಾರಿಸಿಗೆ ಹೊರಟ ರೈಲಿನ ಎಂಜಿನ್ನಿನ ಅಚ್ಚು ಮುರಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ರೈಲಿನ ಅಚ್ಚುಗಳು ಹೀಗೇಕೆ ಮುರಿಯುತ್ತವೆಂದು ಜರ್ಮನಿಯ ಆಗಸ್ಟ್ ವೋಲರ್ ಮುಂದೆ ವರ್ಷಗಟ್ಟಲೆ ಪರೀಕ್ಷೆ ನಡೆಸಿದ. ಒಂದೇ ಸಲಕ್ಕೆ ಮುರಿಯಲು ಬೇಕಾದ ಬಲಕ್ಕಿಂತ ಎಷ್ಟೋ ಕಡಿಮೆ ಬಲ ಮತ್ತೆ ಮತ್ತೆ ಬಿದ್ದರೂ ಉಕ್ಕು ಮುರಿಯುತ್ತದೆ ಎಂದು ತೋರಿಸಿದ.

ಬಿರುಕು ಎಲ್ಲೆಂದರಲ್ಲಿ ಹುಟ್ಟುವುದೂ ಇಲ್ಲ. ಬಟ್ಟೆ ಅಂಗಡಿಯವರನ್ನು ನೋಡಿದ್ದೀರಲ್ಲ? ಅಂಚಿಗೆ ಕತ್ತರಿಯಿಂದ ಚಿಕ್ಕ ಕಚ್ಚು ಹಾಕಿ ಪರ್ರನೆ ಹರಿಯುತ್ತಾರೆ. ಕಚ್ಚಿನ ತುದಿಯಲ್ಲಿ ಎಳೆತವೆಲ್ಲ ಒಂದೆಡೆ ಸೇರುತ್ತದೆ. ಚಾಸಿಯಲ್ಲಿ ಅಂಥ ಕಚ್ಚುಗಳೆಂದರೆ ರಿವೆಟ್ ತೂತು, ಕಮಾನು ಪಟ್ಟಿಯ ಕೊಂಡಿ ಕೂತ ಜಾಗ, ಅಡ್ಡಪಟ್ಟಿ ತೊಲೆಗೆ ಸೇರುವ ಮೂಲೆ, ಎಲ್ಲಕ್ಕಿಂತ ಅಪಾಯದ್ದು ಸ್ಟಿಯರಿಂಗ್ ಪೆಟ್ಟಿಗೆಯ ಬೋಲ್ಟುಗಳ ಸುತ್ತ. ಅಲ್ಲಿ ತೊಲೆ ಬಿಟ್ಟುಕೊಂಡರೆ ಚಾಲಕನ ಕೈಯಲ್ಲಿ ಚಕ್ರವಿರುತ್ತದೆ, ಜೀಪು ಮಾತ್ರ ತನ್ನ ದಾರಿ ಹಿಡಿಯುತ್ತದೆ.

ಪತ್ತೆ ಮಾಡುವ ಹಳೆಯ ಉಪಾಯವೊಂದಿದೆ, ಖರ್ಚು ಹೆಚ್ಚಿಲ್ಲ. ಮಣ್ಣು, ಗ್ರೀಸು, ಬಣ್ಣ ಎಲ್ಲವನ್ನೂ ತಂತಿ ಬ್ರಷ್ಷಿನಿಂದ ತೆಗೆದು, ಅನುಮಾನದ ಜಾಗಕ್ಕೆ ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಡಬೇಕು. ಮೇಲ್ಮೈಯನ್ನು ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಹಚ್ಚಿದರೆ ಬಿರುಕಿನೊಳಗೆ ಉಳಿದ ಎಣ್ಣೆ ಹೊರಬಂದು ಬಿಳಿಯ ಮೇಲೆ ಗೆರೆ ಮೂಡಿಸುತ್ತದೆ. ವಿಜ್ಞಾನ ಪ್ರದರ್ಶನಕ್ಕೆ ಪ್ರತಿ ವರ್ಷ ಅದೇ ಜ್ವಾಲಾಮುಖಿ ಮಾಡುವ ಮಕ್ಕಳು ಇದನ್ನು ಮಾಡಿ ತೋರಿಸಿದರೆ ಚೆನ್ನ. ಒಡೆದ ನೇಗಿಲ ಕುಳವಿದ್ದರೂ ಸಾಕು.

ಗೆರೆ ಸಿಕ್ಕಿತು. ಮೇಲೆ ಎರಡು ರಾಡು ವೆಲ್ಡಿಂಗ್ ಎಳೆದು ಕಪ್ಪು ಬಣ್ಣ ಬಳಿದು ಕಳಿಸುವುದು ರಸ್ತೆ ಬದಿಯ ವಾಡಿಕೆ. ಅಂಥ ದುರಸ್ತಿಯಲ್ಲಿ ಬಿರುಕು ಒಳಗೆ ಹಾಗೇ ಇರುತ್ತದೆ, ಮುಚ್ಚಳ ಮಾತ್ರ ಹೊಸದು.

ಸರಿಯಾದ ಕೆಲಸ ನಿಧಾನದ್ದು. ಪೆಟ್ರೋಲು ಇಲ್ಲವೆ ಡೀಸೆಲ್ ಟ್ಯಾಂಕ್ ಕಳಚಿಡಬೇಕು, ಬ್ಯಾಟರಿಯ ತಂತಿ ಬಿಚ್ಚಬೇಕು. ತೊಲೆಯ ಮೇಲೆ ಭಾರ ಬೀಳದಂತೆ ಕೆಳಗೆ ಆಧಾರ ಕೊಟ್ಟು, ಮೂಲೆಯಿಂದ ಎದುರು ಮೂಲೆಗೆ ದಾರ ಹಿಡಿದು ಅಳೆಯಬೇಕು. ಎರಡು ಕರ್ಣಗಳು ಸಮವಿಲ್ಲದಿದ್ದರೆ ಚೌಕಟ್ಟು ಸೊಟ್ಟಗಾಗಿದೆ ಎಂದರ್ಥ. ಹತ್ತನೇ ತರಗತಿಯ ರೇಖಾಗಣಿತ ಯಾವುದಕ್ಕೆ ಎಂದು ಕೇಳುವವರಿಗೆ ಇಲ್ಲೊಂದು ಉತ್ತರ ಸಿಕ್ಕಿತು. ಸೊಟ್ಟ ಚಾಸಿಯನ್ನು ಹಾಗೇ ಬೆಸೆದರೆ ಸೊಟ್ಟವೇ ಶಾಶ್ವತ.

ಆಮೇಲೆ ಬಿರುಕಿನ ತುದಿ ಹುಡುಕಿ, ಕಣ್ಣಿಗೆ ಕಾಣುವ ತುದಿಗಿಂತ ತುಸು ಮುಂದೆ ಒಂದು ದುಂಡನೆಯ ತೂತು ಕೊರೆಯಬೇಕು. ಬಿರುಕು ಬಿಟ್ಟದ್ದಕ್ಕೆ ಮತ್ತೊಂದು ತೂತೇ? ಹೌದು. ಅಗಲವಾದ ತಗಡಿನಲ್ಲಿ ದುಂಡು ತೂತಿದ್ದರೆ ಅದರ ಅಂಚಿನಲ್ಲಿ ಎಳೆತ ಸುಮಾರು ಮೂರು ಪಟ್ಟಾಗುತ್ತದೆ ಎಂದು ಜರ್ಮನಿಯ ಕಿರ್ಷ್ 1898ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ಬಿರುಕಿನ ಚೂಪು ತುದಿಯಲ್ಲಾದರೋ ಅದು ಇನ್ನೂ ಎಷ್ಟೋ ಪಟ್ಟು ಹೆಚ್ಚು. ಚೂಪು ಹೋಗಿ ದುಂಡಾದರೆ ಬಿರುಕಿಗೆ ಮುಂದೆ ಓಡಲು ಸುಲಭದ ದಾರಿ ಇರುವುದಿಲ್ಲ. ಬಳಿಕ ಬಿರುಕಿನುದ್ದಕ್ಕೂ ಗ್ರೈಂಡರಿನಿಂದ ಇಳಿಜಾರು ಕಾಲುವೆ ತೋಡಿ, ಬೆಸುಗೆ ತಳದವರೆಗೆ ಇಳಿಯುವಂತೆ ತುಂಬಿ, ಕೊರೆದ ತೂತನ್ನೂ ತುಂಬಿ, ಮೇಲಿನ ಉಬ್ಬನ್ನು ಉಜ್ಜಿ ಸಮ ಮಾಡಬೇಕು. ರಾಡು ಒಣಗಿರಬೇಕು. ತೇವ ಕುಡಿದ ರಾಡಿನಿಂದ ಬೆಸುಗೆಯೊಳಗೆ ಹೈಡ್ರೋಜನ್ ಸೇರಿ ಅದೇ ಹೊಸ ಬಿರುಕಿಗೆ ಬೀಜವಾದೀತು. ನೋಡಲು ಹೋದ ಹುಡುಗರು ಕಪ್ಪು ಗಾಜಿಲ್ಲದೆ ಆ ಬೆಳಕನ್ನು ನೋಡಬಾರದು. ರಾತ್ರಿ ಕಣ್ಣಿಗೆ ಮರಳು ಬಿದ್ದಂತಾಗಿ ನರಳಬೇಕಾಗುತ್ತದೆ.

ಇನ್ನು ಬಲಪಡಿಸುವ ಮಾತು. ಹೆಚ್ಚಿನವರು ಎಡವುವುದು ಇಲ್ಲಿಯೇ. ಗಟ್ಟಿಯಾಗಲಿ ಎಂದು ಮಾಲೀಕ ದಪ್ಪ ತಗಡು ಹಾಕೆನ್ನುತ್ತಾನೆ, ಮೇಸ್ತ್ರಿ ಚೌಕ ತುಂಡೊಂದನ್ನು ಇಟ್ಟು ನಾಲ್ಕೂ ಕಡೆ ಬೆಸೆಯುತ್ತಾನೆ. ಆರು ತಿಂಗಳಲ್ಲಿ ಆ ತಗಡಿನ ಅಂಚಿಗೆ ಸರಿಯಾಗಿ ತೊಲೆ ನೆಟ್ಟಗೆ ಸೀಳುತ್ತದೆ. ಕೌದಿ ಹೊಲಿಯುವ ಅಜ್ಜಿಯನ್ನು ಕೇಳಿ. ಸವೆದ ಧೋತರಕ್ಕೆ ಗೋಣಿತಟ್ಟಿನ ತೇಪೆ ಹಾಕಿದರೆ ತೇಪೆ ಉಳಿಯುತ್ತದೆ, ಪಕ್ಕದ ಬಟ್ಟೆ ಹರಿಯುತ್ತದೆ. ಏಣಿ ಚಾಸಿ ಸ್ವಲ್ಪ ಬಾಗಿಯೇ ಬದುಕುವಂಥದ್ದು. ಒಂದು ಅಡಿ ಜಾಗವನ್ನು ಬಾಗದಂತೆ ಬಿಗಿದರೆ, ಬಾಗುವ ಕೆಲಸವೆಲ್ಲ ಬಿಗಿ ಮುಗಿಯುವ ಗೆರೆಯ ಮೇಲೆ ಬೀಳುತ್ತದೆ.

ಆದ್ದರಿಂದ ತೇಪೆಯ ತಗಡು ಚಾಸಿಗಿಂತ ದಪ್ಪ ಬೇಡ. ತೊಲೆ 3 ಮಿ.ಮೀ. ಇದ್ದರೆ ತೇಪೆಯೂ ಅಷ್ಟೇ ಇರಲಿ. ಆಕಾರ ಚೌಕ ಬೇಡ, ಎರಡೂ ತುದಿ ಈಟಿಯಂತೆ ಓರೆಯಾಗಿ ಚೂಪಾಗುತ್ತ ಹೋಗಲಿ. ಆಗ ಬಿಗಿ ಒಮ್ಮೆಲೇ ಮುಗಿಯದೆ ಮೆಲ್ಲಗೆ ಮುಗಿಯುತ್ತದೆ. ಬೆಸುಗೆ ತೊಲೆಯನ್ನು ಅಡ್ಡಲಾಗಿ, ನೇರ ಮೇಲಿಂದ ಕೆಳಗೆ ದಾಟಬಾರದು. ತೊಲೆಯ ಮೇಲಂಚು, ಕೆಳಂಚುಗಳನ್ನು ಆದಷ್ಟು ಮುಟ್ಟಬಾರದು. ಬಾಗುವಾಗ ಅತಿ ಹೆಚ್ಚು ಎಳೆತ ಮತ್ತು ಒತ್ತಡ ಆ ಅಂಚುಗಳಿಗೇ, ನಡುವಿನ ಭಾಗಕ್ಕೆ ಕಡಿಮೆ. ಕಾರ್ಖಾನೆಯವರು ತೂತುಗಳನ್ನು ಬಹುಮಟ್ಟಿಗೆ ತೊಲೆಯ ನಡುವೆಯೇ ಕೊರೆದಿರುವುದು ಇದಕ್ಕಾಗಿ. ಕೆತ್ತಿದ ಚಾಸಿ ನಂಬರಿನ ಮೇಲೆ ಗ್ರೈಂಡರ್ ಹೋಗದಂತೆ ನೋಡಿಕೊಳ್ಳಿ. ಅದು ಅಳಿಸಿದರೆ ಆರ್‌ಟಿಒ ಕಚೇರಿಯಲ್ಲಿ ನೀವು ಕಳ್ಳರಲ್ಲವೆಂದು ಸಾಬೀತು ಮಾಡುವುದು ಬೆಸುಗೆಗಿಂತ ಕಷ್ಟ.

ಈ ಮಾತೆಲ್ಲ ಸಾದಾ ಉಕ್ಕಿನ ಹಳೆಯ ಜೀಪಿಗೆ. ಶಾಖ ಕೊಟ್ಟು ಹದ ಮಾಡಿದ ಹೆಚ್ಚಿನ ಬಲದ ಉಕ್ಕಿನ ಚಾಸಿಗಳೂ ಇವೆ. ಬೆಸುಗೆಯ ಶಾಖಕ್ಕೆ ಆ ಹದ ಕೆಡುತ್ತದೆ. ತಯಾರಕರ ಕೈಪಿಡಿ ನೋಡದೆ ಅವಕ್ಕೆ ಕೈ ಹಚ್ಚಬಾರದು. ತುಕ್ಕು ತಿಂದು ಸುತ್ತಿಗೆಯ ಏಟಿಗೆ ತೂತು ಬೀಳುವ ತೊಲೆಗೂ ತೇಪೆ ವ್ಯರ್ಥ, ಬೆಸುಗೆ ಹಿಡಿಯಲು ಅಲ್ಲಿ ಉಕ್ಕೇ ಉಳಿದಿರುವುದಿಲ್ಲ. ಅಂಥ ಚಾಸಿಯನ್ನು ಬದಲಿಸಬೇಕು, ಇಲ್ಲವೆ ಜೀಪನ್ನು ಗುಜರಿಗೆ ಹಾಕಬೇಕು. ಬಣ್ಣ ಬಳಿದು ಇನ್ನೊಬ್ಬರಿಗೆ ಮಾರುವುದನ್ನು ಜಾಣತನವೆಂದು ನಾನಂತೂ ಕರೆಯಲಾರೆ.

ಬಿರುಕು ಬಂದ ಕಾರಣವನ್ನೂ ಹುಡುಕಬೇಕು. ಕಮಾನು ಪಟ್ಟಿಯ ಬುಷ್ ಸವೆದಿತ್ತೆ? ಸ್ಟಿಯರಿಂಗ್ ಪೆಟ್ಟಿಗೆಯ ಬೋಲ್ಟು ಸಡಿಲವಿತ್ತೆ? ಹತ್ತಿಯ ಅಂಡಿಗೆ, ಮೇಲೆ ಹತ್ತು ಜನ ಎಂದು ಹೇರಿದ್ದರೆ? ಅದನ್ನು ಸರಿಪಡಿಸದಿದ್ದರೆ ಎಂಥ ಬೆಸುಗೆಯೂ ಬಹುಕಾಲ ತಾಳದು. ದುರಸ್ತಿಯಾದ ಜಾಗಕ್ಕೆ ಕಪ್ಪು ಬಣ್ಣ ಬಳಿಸಬೇಡಿ, ತಿಳಿ ಬೂದು ಬಣ್ಣ ಹಚ್ಚಿಸಿ. ಬಿರುಕು ಮತ್ತೆ ತಲೆ ಎತ್ತಿದರೆ ಮಳೆಗಾಲ ಮುಗಿಯುವಷ್ಟರಲ್ಲಿ ಅದರ ಮೇಲೆ ತುಕ್ಕಿನ ಕೆಂಪು ಗೆರೆ ಕಾಣಿಸಿಕೊಳ್ಳುತ್ತದೆ.