ಮೊದಲು ಕೈಗೆ, ಬಳಿಕ ಹಲಗೆಗೆ

ಗಣಿತವೆಂಬ ಹೆಸರನ್ನು ಕೇಳಿದೊಡನೆಯೇ ಅನೇಕ ಮಕ್ಕಳ ಮುಖವು ಬಾಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಇದಕ್ಕೆ ಗಣಿತದ ಕಾಠಿಣ್ಯವಾಗಲಿ, ಮಕ್ಕಳ ಮಂದಬುದ್ಧಿಯಾಗಲಿ ಕಾರಣವಲ್ಲ. ವಸ್ತುವನ್ನು ಮುಟ್ಟಿಸುವ ಮೊದಲೇ ಅದರ ಚಿಹ್ನೆಯನ್ನು ಕಲಿಸಹೊರಡುವುದೇ ಇದರ ಮೂಲವೆಂಬುದು ನನ್ನ ಅಭಿಪ್ರಾಯ. ಐದು ಹುಣಿಸೆಬೀಜಗಳನ್ನು ಎಣಿಸಿ ಹಿಡಿಯದ ಮಗುವಿಗೆ ಹಲಗೆಯ ಮೇಲಿನ ‘5’ ಎಂಬುದು ಬರಿಯ ಒಂದು ಸೊಟ್ಟ ಗೆರೆ.

ಹಿಂದೆ ಈ ಕೊರತೆಯನ್ನು ಪೇಟೆಯು ತುಂಬಿಕೊಡುತ್ತಿತ್ತು. 1957ನೆಯ ಇಸವಿ ಏಪ್ರಿಲ್ 1ರಂದು ದಶಮಾನ ನಾಣ್ಯಪದ್ಧತಿಯು ಜಾರಿಗೆ ಬರುವವರೆಗೆ ನಮ್ಮ ದೇಶದಲ್ಲಿ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ತಾಯಿಯು ಅಂಗಡಿಗೆ ಕಳುಹಿಸಿದ ಹುಡುಗನು ಚಿಲ್ಲರೆಯನ್ನು ಎಣಿಸಿಕೊಂಡು ಬರುವಷ್ಟರಲ್ಲಿ ತನಗರಿವಿಲ್ಲದೆಯೇ ಭಾಗಾಕಾರವನ್ನು ಅಭ್ಯಾಸಮಾಡುತ್ತಿದ್ದನು. ಅನಂತರದ ಕಾಲದಲ್ಲಿಯೂ ತಕ್ಕಡಿಯ ಒಂದು ತಟ್ಟೆಯಲ್ಲಿ ತೂಕದ ಕಲ್ಲು, ಇನ್ನೊಂದರಲ್ಲಿ ಬೇಳೆ, ಇವು ಸಮನಾಗಿ ನಿಲ್ಲುವುದನ್ನು ಅವನು ಕಣ್ಣಾರೆ ನೋಡುತ್ತಿದ್ದನು. ಇಂದು ನಮ್ಮ ಮುಂಬಯಿಯ ಅಂಗಡಿಗಳಲ್ಲಿ ವಿದ್ಯುತ್ ತಕ್ಕಡಿಯು ತೂಕವನ್ನೂ ಬೆಲೆಯನ್ನೂ ತಾನೇ ತೋರಿಸುತ್ತದೆ; ಹಿರಿಯರು ಮೊಬೈಲನ್ನು ಹಿಡಿದೊಡನೆ ಹಣವು ಸಂದಾಯವಾಗುತ್ತದೆ. ಸೌಕರ್ಯವೇನೋ ಹೆಚ್ಚಿತು, ಆದರೆ ಮಗುವಿನ ಕೈಗೆ ದೊರೆಯುತ್ತಿದ್ದ ಪಾಠವು ತಪ್ಪಿತು. ಪೇಟೆಯು ಕೈಬಿಟ್ಟ ಈ ಪಾಠವನ್ನು ಶಾಲೆಯೇ ವಹಿಸಿಕೊಳ್ಳಬೇಕು.

ಇದಕ್ಕೆ ಬೆಲೆಬಾಳುವ ಸಾಧನಗಳು ಬೇಡ. ಎರಡನೆಯ ತರಗತಿಯ ಮೂಲೆಯಲ್ಲಿ ಒಂದು ಅಂಗಡಿಯನ್ನು ಹೂಡಬಹುದು. ಬರಿದಾದ ಡಬ್ಬಿಗಳಿಗೆ ಬೆಲೆಯ ಚೀಟಿಗಳನ್ನು ಅಂಟಿಸಿ, ರಟ್ಟಿನ ನಾಣ್ಯಗಳನ್ನು ಹಂಚಿದರೆ ಸಾಕು. 37 ರೂಪಾಯಿಯ ಸಾಮಾನಿಗೆ 50 ಕೊಟ್ಟವನಿಗೆ ಅಂಗಡಿಯ ಬಾಲಕಿಯು 37ರಿಂದ ಮೇಲಕ್ಕೆ ಎಣಿಸುತ್ತ ಮೊದಲು 3, ಬಳಿಕ 10, ಹೀಗೆ 13 ರೂಪಾಯಿಗಳನ್ನು ಹಿಂದಿರುಗಿಸುವಳು. ಕಳೆಯುವುದೆಂದರೆ ಅಂತರವನ್ನು ಕಾಣುವುದೆಂದು ಅವಳಿಗೆ ಬೇರೆಯಾಗಿ ಹೇಳಬೇಕಾಗುವುದಿಲ್ಲ.

ಮೂರನೆಯ ತರಗತಿಯವರು ಬೆಂಚಿನ ಉದ್ದವನ್ನು ಗೇಣಿನಿಂದ ಅಳೆಯಲಿ. ಒಬ್ಬನಿಗೆ 9 ಗೇಣು ಬಂದರೆ ಮತ್ತೊಬ್ಬಳಿಗೆ 10 ಬರುವುದು. ಗುರುಗಳು ಅಳೆದರೆ 7. ಯಾರದು ಸರಿಯೆಂಬ ಜಗಳವೇಳುವುದು. ಆ ಜಗಳವು ಬಹಳ ಉಪಯುಕ್ತವಾದುದು. ಎಲ್ಲರಿಗೂ ಒಂದೇ ಆದ ಅಳತೆಯು ಏಕೆ ಬೇಕೆಂಬುದು ಆಗ ಹೊಳೆಯುವುದು. ಮೀಟರು ಅವರಿಗೆ ಆಜ್ಞೆಯಾಗಿ ಬರದೆ ಪರಿಹಾರವಾಗಿ ಬರುವುದು.

ಕಡ್ಡಿಗಳನ್ನು ಹತ್ತುಹತ್ತರ ಕಟ್ಟುಗಳಾಗಿ ಕಟ್ಟಿಸುವಾಗ ನಮ್ಮ ಭಾಷೆಯೇ ಸಹಾಯಕ್ಕೆ ಬರುತ್ತದೆ. 29 ಎಂದರೆ ಎರಡು ಕಟ್ಟು, ಒಂಬತ್ತು ಬಿಡಿ ಕಡ್ಡಿ. ‘ಇಪ್ಪತ್ತೊಂಬತ್ತು’ ಎಂಬ ಮಾತಿನಲ್ಲಿಯೂ ಮೊದಲು ಇಪ್ಪತ್ತು, ಬಳಿಕ ಒಂಬತ್ತು. ನೆರೆಹೊರೆಯಲ್ಲಿ ಕೇಳುವ ಮರಾಠಿಯ ‘ಏಕೋಣತೀಸ್’ ಎಂಬುದಕ್ಕೆ ಮೂವತ್ತಕ್ಕೆ ಒಂದು ಕಡಿಮೆಯೆಂದರ್ಥ. ಅದೂ ಸೊಗಸಾದ ಎಣಿಕೆಯೇ. ಮೂರು ಕಟ್ಟುಗಳನ್ನಿಟ್ಟು ಒಂದು ಕಡ್ಡಿಯನ್ನು ತೆಗೆದರಾಯಿತು. ಕೈಯಲ್ಲಿ ಕಡ್ಡಿಯಿದ್ದರೆ, ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಗುವಿಗೆ ಗೊಂದಲವಾಗುವ ಬದಲು ಒಂದೇ ಊರಿಗೆ ಎರಡು ದಾರಿಗಳು ದೊರೆಯುವುವು.

“ಇದೆಲ್ಲ ಆಟವಾಯಿತು, ಪಾಠ ಮುಗಿಯುವುದೆಂದು? ಮಗ್ಗಿಯ ಗತಿಯೇನು?” ಎಂದು ಕೆಲವು ಪಾಲಕರು ಕೇಳುವುದುಂಟು. ಪ್ರಶ್ನೆಯು ನ್ಯಾಯವಾದುದೇ. ಮಗ್ಗಿಯನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಬಾಯಿಪಾಠವಿಲ್ಲದೆ ಲೆಕ್ಕಕ್ಕೆ ವೇಗವು ಬಾರದು. ಆದರೆ ಬೀಜಗಳನ್ನು ಏಳೇಳರಂತೆ ಆರು ಸಾಲು ಜೋಡಿಸಿ ನೋಡಿದ ಮಗುವು ‘ಏಳಾರಲೆ ನಲವತ್ತೆರಡು’ ಎಂಬುದನ್ನು ಮರೆತರೂ ಮತ್ತೆ ಕಂಡುಕೊಳ್ಳಬಲ್ಲುದು. ಬರಿಯ ಬಾಯಿಪಾಠ ಮಾಡಿದ ಮಗುವು ಮರೆತರೆ ಅಲ್ಲಿಗೆ ಮುಗಿಯಿತು. ಮೊದಲು ಕೊಟ್ಟ ಒಂದು ವಾರದ ಕಾಲವು ಮುಂದಿನ ತರಗತಿಗಳಲ್ಲಿ ಪುನಃ ಪುನಃ ಕಲಿಸುವ ಶ್ರಮವನ್ನು ಉಳಿಸುವುದು.

ಇದು ಹೊಸ ಹುಚ್ಚೂ ಅಲ್ಲ. 1907ರಲ್ಲಿ ರೋಮಿನಲ್ಲಿ ‘ಮಕ್ಕಳ ಮನೆ’ಯನ್ನು ತೆರೆದ ಮಾರಿಯಾ ಮಾಂಟೆಸೊರಿಯವರು ಬಿಡಿ ಮಣಿ, ಹತ್ತರ ಸರ, ನೂರರ ಚೌಕ, ಸಾವಿರದ ಘನ ಇವುಗಳಿಂದ ಸ್ಥಾನಬೆಲೆಯನ್ನು ಕಲಿಸುವ ಕ್ರಮವನ್ನು ರೂಪಿಸಿದರು, 1939ರಲ್ಲಿ ಮದರಾಸಿಗೆ ಬಂದು ಭಾರತದ ಶಿಕ್ಷಕರಿಗೂ ತರಬೇತು ನೀಡಿದರು. ಅದಕ್ಕೂ ಬಹು ಹಿಂದೆ, 12ನೆಯ ಶತಮಾನದಲ್ಲಿ, ಕನ್ನಡದಲ್ಲಿ ಗಣಿತಗ್ರಂಥವನ್ನು ರಚಿಸಿದ ರಾಜಾದಿತ್ಯನ ಕೃತಿಯ ಹೆಸರು ‘ವ್ಯವಹಾರಗಣಿತ’. ಗಣಿತವು ಬಾಳಿನ ಕೊಡುಕೊಳುವಿಕೆಗೆ ಹೊರತಾದುದಲ್ಲವೆಂಬುದನ್ನು ಆ ಹೆಸರೇ ಸಾರುವುದು.

ಮೇಲಿನ ತರಗತಿಗಳ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬಿನ್ನಹ. ಈ ಕಾರ್ಯವು ಕೇವಲ ಶಿಕ್ಷಕರದಲ್ಲ. ವಾರಕ್ಕೊಂದು ಬಿಡುವಿನ ವೇಳೆಯನ್ನು ಕಿರಿಯರಿಗಾಗಿ ಕೊಡಿರಿ. ರಟ್ಟಿನ ನಾಣ್ಯಗಳನ್ನು ಕತ್ತರಿಸಿಕೊಡಿರಿ. ಅವರ ಅಂಗಡಿಗೆ ಗಿರಾಕಿಗಳಾಗಿ ಹೋಗಿರಿ. ಬೇಕೆಂದೇ ತಪ್ಪು ಲೆಕ್ಕವನ್ನು ಹೇಳಿ, ಅವರು ತಿದ್ದುವವರೆಗೆ ಕಾದುನಿಲ್ಲಿರಿ. ಮೂರನೆಯ ತರಗತಿಯಲ್ಲಿ ಲೆಕ್ಕಕ್ಕೆ ಹೆದರಿದ ಮಗುವು ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ತನಗೆ ಬುದ್ಧಿಯೇ ಇಲ್ಲವೆಂದೂ, ಒಮ್ಮೊಮ್ಮೆ ಕನ್ನಡದಲ್ಲಿ ಕಲಿತುದೇ ತಪ್ಪಾಯಿತೆಂದೂ ನಂಬತೊಡಗುವುದು. ಆ ಎರಡು ಮಾತುಗಳೂ ಸುಳ್ಳೆಂಬುದನ್ನು ಒಂದು ಹಿಡಿ ಹುಣಿಸೆಬೀಜದಿಂದ ತೋರಿಸಿಕೊಡುವುದು ನಮ್ಮೆಲ್ಲರ ಹೊಣೆ.