ಪ್ರಶ್ನೆ ನಮ್ಮ ಹತ್ರ ಐತೆ, ದುಡ್ಡು ಎಲ್ಲೈತೆ?



ಸಂಶೋಧನೆ ಅನ್ನೋ ಮಾತು ಬಂದರೆ ನಮ್ಮ ಹಾಸ್ಟೆಲುಗಳಲ್ಲಿ ನಗು ಏಳುತ್ತದೆ. ಊರಿಗೆ ಹೋಗಿಬರೋ ಬಸ್ ಚಾರ್ಜಿಗೇ ಪರದಾಡುವವನಿಗೆ ಸಂಶೋಧನೆ ಯಾಕಪ್ಪಾ, ಬೇಗ ಒಂದು ನೌಕರಿ ಹಿಡಿ ಅನ್ನುತ್ತಾರೆ. ಅದು ಸೋಮಾರಿಗಳ ನಗು ಅಲ್ಲ. ಲೆಕ್ಕ ಗೊತ್ತಿರೋ ಬಡವರ ನಗು. ಆದರೆ ಈ ಲೆಕ್ಕ ಬರೆದವರು ಯಾರು? ಅದನ್ನು ಕೇಳದೆ ನಾವು ಸುಮ್ಮನಿರಲಾರೆವು.

ತುಮಕೂರಿನ ಸದಾಶಿವನಗರದಲ್ಲಿ ಕೂತು ಈ ಪುಟ ಬರೆಯುತ್ತಿದ್ದೇವೆ. ಗುಬ್ಬಿ, ಕುಣಿಗಲ್, ಶಿರಾ, ಪಾವಗಡದಿಂದ ಓದೋಕೆ ಅಂತ ಈ ಊರು ಸೇರಿದವರು ನಾವು. ನಮ್ಮ ಹತ್ರ ದುಡ್ಡಿಲ್ಲ, ನಿಜ. ಪ್ರಶ್ನೆಗಳಿಗೆ ಮಾತ್ರ ಬರ ಇಲ್ಲ. ಪಾವಗಡದ ಕೊಳವೆಬಾವಿಯ ನೀರಲ್ಲಿ ಫ್ಲೋರೈಡು ಐತೆ. ಅಂಥ ನೀರು ಕುಡಿದ ಮಕ್ಕಳ ಹಲ್ಲು ಕಲೆಗಟ್ಟುತ್ತದೆ, ದೊಡ್ಡವರ ಮೂಳೆ ಬಾಗುತ್ತದೆ. ಹಟ್ಟಿಯ ಮನೆಗೆ ಎಟಕುವ ಬೆಲೆಯಲ್ಲಿ ಆ ನೀರನ್ನು ಶುದ್ಧ ಮಾಡೋದು ಹೇಗೆ? ಇದು ರಸಾಯನಶಾಸ್ತ್ರದ ಪ್ರಶ್ನೆ. ಅದೇ ಪಾವಗಡದಲ್ಲಿ ಸುಮಾರು 13,000 ಎಕರೆ ಮೇಲೆ 2,050 ಮೆಗಾವಾಟಿನ ಸೋಲಾರ್ ಪಾರ್ಕು ಎದ್ದಿದೆ. ಜಮೀನು ಇದ್ದೋರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಗುತ್ತಿಗೆ ಹಣ ಬಂತು. ಆ ಜಮೀನಲ್ಲಿ ಕಳೆ ಕೀಳುತ್ತಿದ್ದ, ಕಡಲೇಕಾಯಿ ಬಿಡಿಸುತ್ತಿದ್ದ, ತನ್ನದು ಅಂತ ಒಂದು ಗುಂಟೆಯೂ ಇಲ್ಲದ ಕೂಲಿಯವಳಿಗೆ ಏನು ಬಂತು? ಇದು ಅರ್ಥಶಾಸ್ತ್ರದ ಪ್ರಶ್ನೆ. ರಕ್ಷಣಾ ಸಾಧನ ಇಲ್ಲದೆ ಮನುಷ್ಯನನ್ನು ಮ್ಯಾನ್‌ಹೋಲಿಗೆ ಇಳಿಸೋದು 2013ರ ಕಾಯ್ದೆಯ ಪ್ರಕಾರ ಅಪರಾಧ. ಆದರೂ ಇಳಿಸುತ್ತಾರೆ, ಇಳಿದವರು ಸಾಯುತ್ತಾರೆ. ಇದು ಇಂಜಿನಿಯರಿಂಗಿನ ಪ್ರಶ್ನೆ.

ಈ ಕೊನೆಯ ಪ್ರಶ್ನೆಯನ್ನು ಕೇರಳದ ಹುಡುಗರು ಕೈಗೆತ್ತಿಕೊಂಡರು. 2015ರಲ್ಲಿ ಕೋಳಿಕ್ಕೋಡಿನ ಒಂದು ಮ್ಯಾನ್‌ಹೋಲಿನೊಳಗೆ ಮೂವರು ಸತ್ತರು. ಅದಾದ ಮೇಲೆ ಇಂಜಿನಿಯರಿಂಗ್ ಓದಿದ ಒಂದು ತಂಡ ಮ್ಯಾನ್‌ಹೋಲು ಶುಚಿ ಮಾಡುವ ಯಂತ್ರ ಕಟ್ಟಲು ಕೂತಿತು. ಅಲ್ಲಿನ ಸರ್ಕಾರದ ಸ್ಟಾರ್ಟಪ್ ಮಿಷನ್ ಮತ್ತು ಜಲ ಪ್ರಾಧಿಕಾರ ಬೆನ್ನಿಗೆ ನಿಂತವು. 2018ರಲ್ಲಿ 'ಬ್ಯಾಂಡಿಕೂಟ್' ಅನ್ನೋ ಆ ಯಂತ್ರ ತಿರುವನಂತಪುರದಲ್ಲಿ ಕೆಲಸ ಶುರು ಮಾಡಿತು. ಬುದ್ಧಿ ಹುಡುಗರದು, ಆಸರೆ ಸರ್ಕಾರದ್ದು. ಬುದ್ಧಿ ನಮ್ಮ ಹಾಸ್ಟೆಲುಗಳಲ್ಲೂ ಇದೆ. ಆಸರೆಯ ಮಾತು ಆಡೋಣ.

ಆಸರೆ ಅಂದರೆ ಏನು ಅಂತ ಬಾಬಾಸಾಹೇಬರ ಬದುಕೇ ಹೇಳುತ್ತದೆ. 1913ರಲ್ಲಿ ಬರೋಡಾ ಸಂಸ್ಥಾನ ಅವರಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟಿತು. ಅದರ ಬಲದ ಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. 1916ರಲ್ಲಿ ಅಲ್ಲಿ ಜಾತಿಯ ಹುಟ್ಟಿನ ಬಗ್ಗೆ ಪ್ರಬಂಧ ಓದಿದರು. ಆಮೇಲೆ ಲಂಡನ್ನಿಗೆ ಹೋದರು. ವಿದ್ಯಾರ್ಥಿವೇತನ ಮುಗಿಯಿತು, 1917ರಲ್ಲಿ ಓದನ್ನು ಅರ್ಧಕ್ಕೇ ಬಿಟ್ಟು ಬರಬೇಕಾಯಿತು. ಮುಂಬಯಿಯ ಕಾಲೇಜಿನಲ್ಲಿ ಪಾಠ ಹೇಳಿ ಉಳಿಸಿದ ದುಡ್ಡು, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ, ಇಷ್ಟನ್ನು ಕೂಡಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. 1923ರಲ್ಲಿ ಅವರಿಗೆ ಡಿಎಸ್ಸಿ ಬಂದ ಪ್ರಬಂಧದ ವಿಷಯ ರೂಪಾಯಿಯ ಸಮಸ್ಯೆ. ರೂಪಾಯಿ ಇಲ್ಲದೆ ಓದು ನಿಂತವರೇ ರೂಪಾಯಿಯ ಶಾಸ್ತ್ರ ಬರೆದರು. ಆ ಮೂರು ವರ್ಷಗಳ ಅಡಚಣೆಯನ್ನು ದಾಟಲು ಅವರೇ ಬೇಕಾಯಿತು. ಅಂಥ ಅಡಚಣೆಯಲ್ಲಿ ಎಷ್ಟು ಮಂದಿ ದಾಟಲಾಗದೆ ಉಳಿದರು, ಆ ಹೆಸರುಗಳನ್ನು ಯಾವ ಪುಸ್ತಕವೂ ಬರೆದಿಟ್ಟಿಲ್ಲ.

ಇವತ್ತು ಬಾಗಿಲುಗಳು ಇಲ್ಲವೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಗುರುತು ಹಾಕಿಕೊಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇದೆ. 1977-78ರಿಂದಲೂ ಅದು ಇಂಜಿನಿಯರಿಂಗ್ ಕೊನೆಯ ವರ್ಷದವರ ಪ್ರಾಜೆಕ್ಟುಗಳಿಗೆ ಹಣ ಕೊಡುತ್ತಾ ಬಂದಿದೆ. ಮೊತ್ತ ಸಣ್ಣದು, ಕೆಲವೇ ಸಾವಿರ. ಆದರೆ ಸೆನ್ಸರು, ಮೋಟಾರು, ಪೈಪು ಕೊಳ್ಳಲು ಆ ಸಾವಿರವೇ ಇಲ್ಲದೆ ಒದ್ದಾಡುವವನಿಗೆ ಅದು ಸಣ್ಣದಲ್ಲ. ಬಿಎಸ್ಸಿ, ಎಂಎಸ್ಸಿಯವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಬೇಸಿಗೆ ಫೆಲೋಶಿಪ್ ಇದೆ. ಎರಡು ತಿಂಗಳು ದೊಡ್ಡ ವಿಜ್ಞಾನಿಯೊಬ್ಬರ ಲ್ಯಾಬಿನಲ್ಲಿ ಕೆಲಸ, ಭತ್ಯೆ, ರೈಲಿನ ಖರ್ಚು. ಪಿಎಚ್‌ಡಿ ಮಾಡೋ ಪರಿಶಿಷ್ಟ ಜಾತಿಯವರಿಗೆ 2005-06ರಲ್ಲಿ ಶುರುವಾದ ರಾಷ್ಟ್ರೀಯ ಫೆಲೋಶಿಪ್ ಇದೆ. 2023ರ ಜನವರಿಯಿಂದ ಅದು ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000. ಆಯ್ಕೆ ನೆಟ್ ಪರೀಕ್ಷೆಯ ಮೂಲಕ. ಹೊಸ ವಸ್ತು ಕಂಡುಹಿಡಿದು ಕಂಪನಿ ಕಟ್ಟುವವರಿಗೆ ಅಂತ 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಅಂಬೇಡ್ಕರ್ ಹೆಸರಿನ ಯೋಜನೆಯೊಂದನ್ನು ತಂದಿತು. ಮೂರು ವರ್ಷದಲ್ಲಿ 30 ಲಕ್ಷದವರೆಗೆ. ಅದು ದಾನವಲ್ಲ, ಸಾಲವೂ ಅಲ್ಲ, ನಿಮ್ಮ ಕಂಪನಿಯಲ್ಲಿ ಪಾಲು. ಸಹಿ ಹಾಕೋ ಮುಂಚೆ ಓದಿ ನೋಡಿ.

ಬಾಗಿಲು ಇದೆ. ಹೊಸ್ತಿಲು ಎತ್ತರ ಇದೆ. ಮೊದಲನೇ ಹೊಸ್ತಿಲು, ಸುದ್ದಿ. ಸುತ್ತೋಲೆ ಕಾಲೇಜಿಗೆ ಬರುತ್ತದೆ, ಆಫೀಸಿನ ಫೈಲಿನೊಳಗೆ ಮಲಗುತ್ತದೆ. ಹಾಸ್ಟೆಲಿಗೆ ತಲುಪುವ ಹೊತ್ತಿಗೆ ಕೊನೇ ದಿನ ದಾಟಿರುತ್ತದೆ. ಎರಡನೇದು, ಸಹಿ. ಗೈಡು ಸಹಿ ಮಾಡಬೇಕು, ವಿಭಾಗದ ಮುಖ್ಯಸ್ಥರು ಸಹಿ ಮಾಡಬೇಕು, ಪ್ರಿನ್ಸಿಪಾಲರು ಸೀಲು ಒತ್ತಬೇಕು. ನಿನ್ನ ಕೈಲಿ ಇದು ಆಗುತ್ತೇನಯ್ಯಾ ಅನ್ನೋ ಒಂದು ಮಾತಿಗೆ ಎಷ್ಟು ಅರ್ಜಿ ಹರಿದುಹೋಗಿವೆಯೋ. ಮೂರನೇದು ಎಲ್ಲಕ್ಕಿಂತ ಎತ್ತರದ್ದು. ಮೊದಲು ಖರ್ಚು ಮಾಡು, ಆಮೇಲೆ ಬಿಲ್ಲು ಕೊಡು, ಆಮೇಲೆ ನೋಡೋಣ ಅನ್ನೋ ಪದ್ಧತಿ. ಅಪ್ಪನ ಜೇಬಿನಿಂದ ಖರ್ಚು ಮಾಡಬಲ್ಲವನಿಗೆ ಇದು ಪದ್ಧತಿ. ಅಪ್ಪ ಕೂಲಿಗೆ ಹೋದವನಿಗೆ ಇದು ಗೋಡೆ. ಜಾತಿಯ ಹೆಸರು ಎತ್ತದೆಯೇ ಜಾತಿಯ ಕೆಲಸ ಮಾಡೋ ನಿಯಮ ಇದು.

ನಾಲ್ಕನೇ ಹೊಸ್ತಿಲು 2022ರಲ್ಲಿ ಕಟ್ಟಿದ್ದು. ಹೊರದೇಶದಲ್ಲಿ ಓದುವ ಪರಿಶಿಷ್ಟ ಜಾತಿ, ಅಲೆಮಾರಿ, ಭೂಹೀನ ಕೂಲಿಗಳ ಮಕ್ಕಳಿಗೆ ಕೇಂದ್ರ ಸರ್ಕಾರದ ಸಾಗರೋತ್ತರ ವಿದ್ಯಾರ್ಥಿವೇತನ ಉಂಟಲ್ಲ, ಅದರ ನಿಯಮ ಬದಲಾಯಿತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಮೇಲಿನ ಸಂಶೋಧನೆಗೆ ಈ ಹಣ ಇಲ್ಲ ಅಂದರು. ಹಾಗಾದರೆ ಬಾಬಾಸಾಹೇಬರು 1916ರಲ್ಲಿ ಕೊಲಂಬಿಯಾದಲ್ಲಿ ಎತ್ತಿಕೊಂಡ ವಿಷಯ ಹಿಡಿದು ಆ ನಿಯಮದಡಿ ಅರ್ಜಿ ಹಾಕಿದ್ದರೆ ಅದು ಮೇಜು ದಾಟುತ್ತಿರಲಿಲ್ಲ. ಅವರ ಫೋಟೋಕ್ಕೆ ಹಾರ, ಅವರ ಪ್ರಶ್ನೆಗೆ ಬೀಗ.

ಐದನೇದು, ಹಣ ಇಲ್ಲ ಅನ್ನೋದು. 2025ರ ಜುಲೈ ತಿಂಗಳೊಂದನ್ನೇ ನೋಡಿ. ಒಂದನೇ ತಾರೀಖು ಕೇಂದ್ರ ಸಂಪುಟ ಒಂದು ಲಕ್ಷ ಕೋಟಿ ರೂಪಾಯಿಯ ಸಂಶೋಧನೆ ಮತ್ತು ನಾವೀನ್ಯ ನಿಧಿಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ಉದ್ಯಮಗಳಿಗೆ ಕಡಿಮೆ ಬಡ್ಡಿಗೆ, ಬಡ್ಡಿಯೇ ಇಲ್ಲದೆಯೂ ದೀರ್ಘಾವಧಿ ಹಣ. ಅದೇ ತಿಂಗಳು ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾದ 106 ಮಂದಿಯಲ್ಲಿ 40 ಮಂದಿಗೆ ಮಾತ್ರ ತಾತ್ಕಾಲಿಕ ಮಂಜೂರಾತಿ ಪತ್ರ ಹೋಯಿತು. ಮಿಕ್ಕ 66 ಮಂದಿಗೆ, ಹಣ ಇದ್ದರೆ ಕೊಡುತ್ತೇವೆ ಅನ್ನೋ ಮಾತು. ಕಂಪನಿಗೆ ಲಕ್ಷ ಕೋಟಿ ಹುಟ್ಟುತ್ತದೆ, ಅರವತ್ತಾರು ಮಕ್ಕಳಿಗೆ ಮಾತ್ರ ಕಾಯಿರಿ ಅಂದರು.

ಹಣ ತಡವಾದರೆ ಏನಾಗುತ್ತದೆ ಅಂತ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ 2016ರ ಜನವರಿ 17ರಂದು ತೀರಿಕೊಂಡ. ಅವನು ಬರೆದಿಟ್ಟ ಕೊನೆಯ ಪತ್ರದಲ್ಲಿ ಏಳು ತಿಂಗಳ ಫೆಲೋಶಿಪ್ ಬಾಕಿಯ ಲೆಕ್ಕವೂ ಇತ್ತು. ಆ ಸಾವಿಗೆ ಕಾರಣ ಹಲವು, ಅವನ್ನೆಲ್ಲ ಒಂದು ಬಾಕಿಗೆ ಕಟ್ಟಿ ಸಣ್ಣದು ಮಾಡಲಾರೆವು. ಆದರೆ ನಕ್ಷತ್ರಗಳ ಕನಸು ಕಂಡ ಹುಡುಗ ಹೋಗೋವಾಗಲೂ ಬಾಕಿ ಲೆಕ್ಕ ಬರೆದಿಡಬೇಕಾದ ದೇಶ ಇದು ಅನ್ನೋದನ್ನು ಮರೆಯಲಾರೆವು.

ಕೆಲವರು ಹೇಳುತ್ತಾರೆ: ಕೊಟ್ಟಷ್ಟು ತಗೊಳ್ಳಿ, ಜಾಸ್ತಿ ಮಾತಾಡಿದರೆ ಇರೋದೂ ಹೋದೀತು. ನಾವು ಹೇಳೋದು ಇದು: ಮಾತಾಡಿದ್ದಕ್ಕೇ ಉಳಿದದ್ದು ಉಂಟು. 2015ರ ಅಕ್ಟೋಬರಿನಲ್ಲಿ ನೆಟ್ ಇಲ್ಲದ ಸಂಶೋಧಕರ ಫೆಲೋಶಿಪ್ ನಿಲ್ಲಿಸಲು ಯುಜಿಸಿ ಹೊರಟಾಗ ವಿದ್ಯಾರ್ಥಿಗಳು ದೆಹಲಿಯ ಅದರ ಕಚೇರಿ ಮುಂದೆ ಹಗಲು ರಾತ್ರಿ ಕೂತರು. ಆ ಫೆಲೋಶಿಪ್ ಉಳಿಯಿತು. ನಮ್ಮ ರಾಜ್ಯದಲ್ಲಿ ಪರಿಶಿಷ್ಟರ ಜನಸಂಖ್ಯೆಗೆ ತಕ್ಕಷ್ಟು ಹಣ ಮೀಸಲಿಡುವ ಕಾಯ್ದೆ 2013ರಿಂದ ಇದೆ. ಆ ಹಣವನ್ನು ಎಲ್ಲರ ಕಾಮಗಾರಿಗೂ ತಿರುಗಿಸಲು ಬಿಟ್ಟಿದ್ದ 7ಡಿ ಕಲಂ ತೆಗೆಯಿರಿ ಅಂತ ವರ್ಷಗಟ್ಟಲೆ ಕೂಗಿದ ಮೇಲೆ 2023ರಲ್ಲಿ ಅದನ್ನು ತೆಗೆದರು. ಹಾಗಾಗಿ ನಾವು ಕೇಳುತ್ತಿರೋದು ಭಿಕ್ಷೆಯಲ್ಲ. ಪಾಲು.

ನಮ್ಮ ಬೇಡಿಕೆ ಮೂರು. ಪ್ರಾಜೆಕ್ಟಿನ ಹಣ ಮುಂಗಡವಾಗಿ ವಿದ್ಯಾರ್ಥಿಯ ಕೈಗೆ ಬರಲಿ, ಲೆಕ್ಕ ಆಮೇಲೆ ಕೇಳಲಿ. ಫೆಲೋಶಿಪ್ ಸಂಬಳದ ಹಾಗೆ ತಿಂಗಳು ತಿಂಗಳು ಬರಲಿ. ಪರಿಶಿಷ್ಟರಿಗೆ ಮೀಸಲಿಟ್ಟ ಹಣದಲ್ಲಿ ಪದವಿ ವಿದ್ಯಾರ್ಥಿಗಳ ಸಂಶೋಧನೆಗೆ ಅಂತಲೇ ಒಂದು ಭಾಗ ತೆಗೆದಿಡಲಿ, ವಿಷಯ ಆರಿಸೋ ಹಕ್ಕು ವಿದ್ಯಾರ್ಥಿಯದ್ದಾಗಲಿ.

ಬೇಡಿಕೆ ಇಟ್ಟು ಕೈಕಟ್ಟಿ ಕೂರೋದು ಬೇಡ. ಪ್ರತಿ ಹಾಸ್ಟೆಲಿನಲ್ಲೂ ಒಂದು ನೋಟ್‌ಬುಕ್ ಇಡಿ. ಯಾವ ಹಣಕ್ಕೆ ಯಾವ ಕೊನೇ ದಿನ, ಯಾವ ಕಾಗದ ಬೇಕು, ಬರೆದಿಡಿ. ಜಾತಿ, ಆದಾಯದ ಸರ್ಟಿಫಿಕೇಟನ್ನು ಅರ್ಜಿ ಕರೆಯೋ ಮುಂಚೆಯೇ ನಾಡಕಚೇರಿಯಿಂದ ತಂದಿಟ್ಟುಕೊಳ್ಳಿ. ಕೊಟ್ಟ ಪ್ರತಿ ಕಾಗದದ ಜೆರಾಕ್ಸು ಇಟ್ಟುಕೊಳ್ಳಿ, ಸ್ವೀಕೃತಿ ಸಹಿ ಕೇಳಿ ತಗೊಳ್ಳಿ. ಒಮ್ಮೆ ಅರ್ಜಿ ಬರೆದು ಗೆದ್ದವರು ಕಿರಿಯರಿಗೆ ಬರೆಯೋದು ಕಲಿಸಿ. ಹಣ ಬಾರದಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಕೇಳಿ. ರಾಜ್ಯದ ಕಚೇರಿಗಾದರೆ 150 ಪದದೊಳಗೆ, ಒಂದೇ ವಿಷಯ. ಮೂವತ್ತು ದಿನದಲ್ಲಿ ಉತ್ತರ ಕೊಡಲೇಬೇಕು.

ಪಾವಗಡದ ನೀರಿನ ಪ್ರಶ್ನೆ, ಸೋಲಾರ್ ಪಾರ್ಕಿನ ಕೂಲಿಯವಳ ಪ್ರಶ್ನೆ, ಮ್ಯಾನ್‌ಹೋಲಿನ ಪ್ರಶ್ನೆ, ಇವನ್ನು ಬೇರೆ ಯಾರೋ ಬಂದು ನಮ್ಮ ಮೇಲೆ ಸಂಶೋಧನೆ ಮಾಡಿ ಪಿಎಚ್‌ಡಿ ತಗೊಂಡು ಹೋಗೋ ಕಾಲ ಸಾಕು. ಕೇರಿಯ ಪ್ರಶ್ನೆಗೆ ಕೇರಿಯವರೇ ಗೈಡು, ಕೇರಿಯವರೇ ಸಾಕ್ಷಿ, ಕೇರಿಯವರೇ ಡಾಕ್ಟರು ಆಗಲಿ. ಇದನ್ನು ಓದಿ ಮಡಚಿಡಬೇಡಿ. ಇವತ್ತು ರಾತ್ರಿ ಊಟ ಆದ ಮೇಲೆ ನಿಮ್ಮ ಪ್ರಶ್ನೆಯನ್ನು ಒಂದು ಹಾಳೆಯಲ್ಲಿ ಬರೆಯಿರಿ. ಅದೇ ಮೊದಲ ಅರ್ಜಿ.