ಯಾರೂ ಓದದ ಮೂರನೇ ಕಾಲಂ

ಭಾರತದ ಸರಕುಗಳ ಮೇಲಿನ ಸುಂಕವನ್ನು ಅಮೆರಿಕ ಶೇ 50ಕ್ಕೆ ಏರಿಸಿದ 2025ರ ಆಗಸ್ಟ್‌ನಿಂದ ಒಂದು ವಾಗ್ವಾದ ನಿಂತೇ ಇಲ್ಲ. ‘ಭಾರತೀಯರ ಅಮೆರಿಕ ಮೋಹ ಕಳಚಿತು’ ಎಂದು ಒಂದು ಬಣ ಬರೆಯುತ್ತದೆ. ಇನ್ನೊಂದು ಬಣವು ಅದೇ ವರ್ಷದ ಜೂನ್‌ನಲ್ಲಿ ಪ್ಯೂ ಸಂಶೋಧನಾ ಕೇಂದ್ರ ಪ್ರಕಟಿಸಿದ ಸಮೀಕ್ಷೆಯನ್ನು ಎತ್ತಿಕೊಂಡು, ಶೇ 52ರಷ್ಟು ಭಾರತೀಯರಿಗೆ ಟ್ರಂಪ್ ಮೇಲೆ ವಿಶ್ವಾಸವಿದೆ ಎಂದು ವಾದಿಸುತ್ತದೆ. ಸಮೀಕ್ಷೆ ನಡೆದದ್ದು ಈ ಸುಂಕಕ್ಕೂ ಮೊದಲು ಎಂಬ ತಕರಾರು ಇದೆ, ಆದರೆ ಅದು ಚಿಕ್ಕದು. ದೊಡ್ಡ ತಕರಾರು ಬೇರೆಯೇ. ವಿದೇಶಾಂಗ ವಿಚಾರದ ಬಹುರಾಷ್ಟ್ರೀಯ ಸಮೀಕ್ಷೆಯಲ್ಲಿ ಭಾರತದ ಸಾಲನ್ನು ಅಮೆರಿಕದ್ದೋ ಜರ್ಮನಿಯದ್ದೋ ಸಾಲಿನ ಪಕ್ಕದಲ್ಲಿಟ್ಟು ಹಾಗೆಯೇ ಹೋಲಿಸುವುದು ತಪ್ಪು. ‘ಗೊತ್ತಿಲ್ಲ’ ಎಂದವರ ಮೂರನೇ ಕಾಲಂ ಅದಕ್ಕೆ ಅವಕಾಶ ಕೊಡುವುದಿಲ್ಲ.

2017ನ್ನೇ ನೋಡಿ. ಅಮೆರಿಕದ ಬಗ್ಗೆ ಒಳ್ಳೆಯ ಅಭಿಪ್ರಾಯ ಇರುವ ಭಾರತೀಯರ ಪ್ರಮಾಣ ಎರಡೇ ವರ್ಷಗಳಲ್ಲಿ ಶೇ 70ರಿಂದ ಶೇ 49ಕ್ಕೆ ಇಳಿಯಿತು ಎಂದು ಪ್ಯೂ ವರದಿ ಹೇಳಿತು. ಒಬಾಮ ಮೇಲೆ ಶೇ 74ರಷ್ಟಿದ್ದ ವಿಶ್ವಾಸ ಟ್ರಂಪ್ ಬಂದ ಮೇಲೆ ಶೇ 40ಕ್ಕೆ ಕುಸಿಯಿತು. ತಲೆಬರಹಗಳಿಗೆ ಇಷ್ಟು ಸಾಕಾಯಿತು. ಆದರೆ ಅಮೆರಿಕದ ಬಗ್ಗೆ ಕೆಟ್ಟ ಅಭಿಪ್ರಾಯ ಇದೆ ಎಂದವರು ಎಷ್ಟು ಮಂದಿ? ಶೇ 10ರ ಆಸುಪಾಸು. ಉಳಿದವರು, ಅಂದರೆ ಐವರಲ್ಲಿ ಇಬ್ಬರಷ್ಟು ಜನ, ಉತ್ತರವನ್ನೇ ಕೊಟ್ಟಿರಲಿಲ್ಲ. ಅಂದರೆ ಆಗ ನಡೆದದ್ದನ್ನು ದ್ವೇಷದ ಏರಿಕೆ ಎನ್ನಲಾಗದು. ಮೆಚ್ಚುಗೆ ಇಳಿದ ಜಾಗವನ್ನು ತುಂಬಿದ್ದು ಮೌನ. ಇವೆರಡೂ ಒಂದೇ ಎಂದು ಓದುವವರು ಸಮೀಕ್ಷೆಯನ್ನು ಅರ್ಧಕ್ಕೆ ಮಡಚಿಟ್ಟಿದ್ದಾರೆ.

ಉತ್ತರ ಕೊಡದವರನ್ನು ಬಿಟ್ಟು ಉಳಿದವರ ನಡುವೆ ಶೇಕಡಾವಾರು ತೆಗೆದರಾಯಿತಲ್ಲ ಎಂಬ ಜಾಣತನದ ಸಲಹೆಯೂ ಉಂಟು. ಉತ್ತರ ಕೊಡದವರು ಎಲ್ಲ ವರ್ಗಗಳಲ್ಲೂ ಸಮನಾಗಿ ಹರಡಿದ್ದರೆ ಒಪ್ಪಬಹುದಿತ್ತು. ರಾಜಕೀಯ ವಿಜ್ಞಾನಿ ದೇವೇಶ್ ಕಪೂರ್ 2009ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಆಧಾರವಾದ ಸಮೀಕ್ಷೆ ನಗರ, ಹಳ್ಳಿಗಳ 2,12,563 ಕುಟುಂಬಗಳನ್ನು ಮುಟ್ಟಿತ್ತು. ಸಾವಿರ, ಎರಡು ಸಾವಿರ ಜನರನ್ನು ಮಾತನಾಡಿಸಿ ‘ಭಾರತ ಏನನ್ನುತ್ತದೆ’ ಎಂದು ಘೋಷಿಸುವವರು ಈ ಸಂಖ್ಯೆಯನ್ನು ಎರಡು ಸಲ ಓದಬೇಕು. ಅಲ್ಲಿ ಕಂಡದ್ದು ಇಷ್ಟು: ಅನುಕೂಲಸ್ಥ ವರ್ಗದಿಂದ ಕೆಳಗಿಳಿದಂತೆ, ಪಟ್ಟಣದಿಂದ ಹಳ್ಳಿಗೆ ಹೋದಂತೆ ‘ಗೊತ್ತಿಲ್ಲ’ ಎನ್ನುವವರು ಹೆಚ್ಚುತ್ತಾರೆ. ಅವರನ್ನು ಲೆಕ್ಕದಿಂದ ಕೈಬಿಟ್ಟರೆ ಉಳಿಯುವುದು ಓದಿದ, ಉಳ್ಳ, ಪೇಟೆಯ ಭಾರತ. ಅದಕ್ಕೆ ‘ಭಾರತೀಯರು’ ಎಂಬ ಹಣೆಪಟ್ಟಿ ಅಂಟಿಸುತ್ತೇವೆ.

ಹಾಗಾದರೆ ಅಮೆರಿಕನ್ನರ ಸಾಲಿನಲ್ಲಿ ಈ ಕಾಲಂ ಏಕೆ ಅಷ್ಟು ಸಣ್ಣದು? ಅವರು ಹೆಚ್ಚು ತಿಳಿದವರೆಂದೇ? ಪ್ರಶ್ನಾವಳಿಯನ್ನು ಹತ್ತಿರದಿಂದ ನೋಡಿದರೆ ಗುಟ್ಟು ಗೊತ್ತಾಗುತ್ತದೆ. ಭಾರತದಲ್ಲಿ ಸಮೀಕ್ಷಕರು ಮನೆ ಬಾಗಿಲಿಗೆ ಬಂದು ಎದುರು ಕೂತು ಕೇಳುತ್ತಾರೆ. ‘ಗೊತ್ತಿಲ್ಲ’ ಎಂಬ ಆಯ್ಕೆಯನ್ನು ಅವರು ಓದಿ ಹೇಳುವುದಿಲ್ಲ, ಎದುರಿನವರು ತಾವಾಗಿ ಹೇಳಿದರೆ ಗುರುತು ಹಾಕಿಕೊಳ್ಳುತ್ತಾರೆ. ಅಮೆರಿಕದಲ್ಲಿ ಪ್ಯೂ ಈಗ ಕೇಳುವುದು ಬಹುಮಟ್ಟಿಗೆ ಆನ್‌ಲೈನ್‌ನಲ್ಲಿ. ಪರದೆಯ ಮೇಲಿರುವ ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಒತ್ತಬೇಕು, ಇಲ್ಲವೇ ಪ್ರಶ್ನೆಯನ್ನು ದಾಟಿ ಹೋಗಬೇಕು. ದಾಟುವವರು ಬೆರಳೆಣಿಕೆಯಷ್ಟು. ಕೇಳುವ ರೀತಿಯೇ ಬೇರೆಯಾದಾಗ ಬಂದ ಎರಡು ಅಂಕಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೇವೆ.

ಉತ್ತರ ಕೊಟ್ಟವರೆಲ್ಲ ತಿಳಿದೇ ಕೊಟ್ಟರು ಎನ್ನಲೂ ಆಗದು. 2015ರ ಡಿಸೆಂಬರ್‌ನಲ್ಲಿ ಪಬ್ಲಿಕ್ ಪಾಲಿಸಿ ಪೋಲಿಂಗ್ ಎಂಬ ಅಮೆರಿಕದ ಸಂಸ್ಥೆ ‘ಅಗ್ರಬಾ ಮೇಲೆ ಬಾಂಬ್ ಹಾಕಬೇಕೇ’ ಎಂದು ಮತದಾರರನ್ನು ಕೇಳಿತು. ರಿಪಬ್ಲಿಕನ್ನರಲ್ಲಿ ಶೇ 30ರಷ್ಟು ಮಂದಿ ಹೌದು ಎಂದರು. ಡೆಮಾಕ್ರಟರಲ್ಲಿ ಶೇ 36ರಷ್ಟು ಮಂದಿ ಬೇಡ ಎಂದು ಶಾಂತಿದೂತರಾದರು. ಅಗ್ರಬಾ ಇರುವುದು ಡಿಸ್ನಿಯ ‘ಅಲ್ಲಾದೀನ್’ ಚಿತ್ರದಲ್ಲಿ ಮಾತ್ರ. ಇಲ್ಲದ ಊರಿನ ಮೇಲೆ ಬಾಂಬ್ ಹಾಕಿಸುವ ಅಭಿಪ್ರಾಯಕ್ಕಿಂತ ಹಳ್ಳಿಯ ಹೆಂಗಸೊಬ್ಬರು ಹೇಳುವ ‘ಗೊತ್ತಿಲ್ಲ’ ಹೆಚ್ಚು ಪ್ರಾಮಾಣಿಕ. ನಮ್ಮ ಪಟ್ಟಿಗಳಲ್ಲಿ ಮಾತ್ರ ಮೊದಲನೆಯದು ಜನಾಭಿಪ್ರಾಯ, ಎರಡನೆಯದು ಕೊರತೆ.

ಆ ‘ಗೊತ್ತಿಲ್ಲ’ದ ಹಿಂದೆ ಅಭಿಪ್ರಾಯವೇ ಇಲ್ಲ ಎಂದುಕೊಳ್ಳುವುದು ಇನ್ನೂ ದೊಡ್ಡ ತಪ್ಪು. ತೀರ್ಥಹಳ್ಳಿಯ ಅಡಿಕೆ ಬೆಳೆಗಾರರನ್ನು ‘ಭೂತಾನ್ ಬಗ್ಗೆ ನಿಮ್ಮ ಅಭಿಪ್ರಾಯ ಬಹಳ ಒಳ್ಳೆಯದೋ, ಸ್ವಲ್ಪ ಒಳ್ಳೆಯದೋ’ ಎಂದು ಕೇಳಿ. ‘ಅದೆಲ್ಲ ನಮಗೇನು ಗೊತ್ತು ಮಾರಾಯ್ರೆ’ ಎಂದು ಎದ್ದು ಹೋದರೆ ಆಶ್ಚರ್ಯವಿಲ್ಲ. ಆದರೆ ಭೂತಾನ್‌ನಿಂದ ವರ್ಷಕ್ಕೆ 17 ಸಾವಿರ ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಿಸಲು 2022ರಲ್ಲಿ ಕೇಂದ್ರ ಅನುಮತಿ ಕೊಟ್ಟಾಗ, ಮಲೆನಾಡು–ಕರಾವಳಿಯ ಬೆಳೆಗಾರರು ಸುಮ್ಮನಿರಲಿಲ್ಲ. ನೆರೆಹೊರೆಯ ಜತೆಗಿನ ವ್ಯಾಪಾರ ನೀತಿಯ ಬಗ್ಗೆ ಅದಕ್ಕಿಂತ ಖಚಿತವಾದ ಜನಾಭಿಪ್ರಾಯ ಯಾವ ಥಿಂಕ್‌ಟ್ಯಾಂಕ್‌ನ ವರದಿಯಲ್ಲೂ ಸಿಗದು. ಪ್ರಶ್ನೆ ಕೇಳಿದವರಿಗೆ ಅದರ ವಾಸನೆಯೂ ಇರಲಿಲ್ಲ, ಅಷ್ಟೇ.

ಆರ್‌ಸಿಇಪಿ ಪ್ರಸಂಗವೂ ಹಾಗೆಯೇ. ಹದಿನಾರು ದೇಶಗಳ ಆ ವ್ಯಾಪಾರ ಒಪ್ಪಂದದಿಂದ ಭಾರತ 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಹಿಂದೆ ಸರಿಯಿತು. ನ್ಯೂಜಿಲೆಂಡ್‌ನ ಹಾಲಿನ ಪುಡಿ ಬಂದರೆ ಡೇರಿಯಲ್ಲಿ ಲೀಟರಿಗೆ ಸಿಗುವ ದರ ಏನಾದೀತು ಎಂಬ ಲೆಕ್ಕ ಹಳ್ಳಿಯ ಹಾಲು ಉತ್ಪಾದಕರಿಗೆ ಗೊತ್ತಿತ್ತು. ಕರ್ನಾಟಕವೂ ಸೇರಿ ದೇಶದ ಹಲವೆಡೆ ರೈತ ಸಂಘಟನೆಗಳು ಬೀದಿಗಿಳಿದವು, ಸಹಕಾರಿ ಒಕ್ಕೂಟಗಳು ದೆಹಲಿಯ ಮೇಲೆ ಒತ್ತಡ ಹೇರಿದವು. ನ್ಯೂಜಿಲೆಂಡ್ ಬಗ್ಗೆ ಒಲವು ಇದೆಯೇ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಉತ್ತರದಿಂದ ಏನೂ ತಿಳಿಯುತ್ತಿರಲಿಲ್ಲ.

ಸಮೀಕ್ಷೆಯೇ ಬೇಡ ಎಂಬುದು ನನ್ನ ವಾದವಲ್ಲ. ಪ್ಯೂ ತನ್ನ ಪ್ರಶ್ನಾವಳಿ, ಮಾದರಿ, ಉತ್ತರಿಸದವರ ಪ್ರಮಾಣ ಎಲ್ಲವನ್ನೂ ಬಿಚ್ಚಿಡುತ್ತದೆ, ಅದನ್ನು ನುಂಗುವವರು ನಾವು. ಒಂದು ದೇಶದ ಬಗೆಗಿನ ಅಭಿಪ್ರಾಯ ಕೇಳುವ ಮುನ್ನ ‘ಈ ವಿಷಯ ಕೇಳಿದ್ದೀರಾ’ ಎಂಬ ಪ್ರಶ್ನೆ ಬರಲಿ. ಉತ್ತರಿಸದವರ ಪ್ರಮಾಣವನ್ನು ಹೆಣ್ಣು–ಗಂಡು, ಹಳ್ಳಿ–ಪಟ್ಟಣ ಎಂದು ಬಿಡಿಸಿ ತಲೆಬರಹದ ಕೆಳಗೇ ಅಚ್ಚು ಮಾಡಲಿ. ಆ ಪ್ರಮಾಣ ಶೇ 25 ದಾಟಿದ ಸಾಲನ್ನು ದೇಶ–ದೇಶಗಳ ರ‍್ಯಾಂಕ್ ಪಟ್ಟಿಯಿಂದ ಹೊರಗಿಡಲಿ.

ಸರ್ಕಾರಕ್ಕಂತೂ ಇದನ್ನು ಕಲಿಸಬೇಕಿಲ್ಲ. ಸುಂಕದ ಬಿಸಿ ಏರುತ್ತಿದ್ದ 2025ರ ಆಗಸ್ಟ್ 7ರಂದು ಪ್ರಧಾನಿ ಮೋದಿ ರೈತರು, ಪಶುಪಾಲಕರು, ಮೀನುಗಾರರ ಹಿತದಲ್ಲಿ ರಾಜಿ ಇಲ್ಲ ಎಂದರು. ಟ್ರಂಪ್ ಮೇಲಿನ ಶೇ 52ರ ವಿಶ್ವಾಸವನ್ನು ನೆಚ್ಚಿ ಆಡಿದ ಮಾತಲ್ಲ ಅದು, 2019ರ ಬೀದಿಯನ್ನು ಮರೆಯದವರು ಆಡಿದ ಮಾತು. ರಾಜಕಾರಣಿಗಳು ಮೂರನೇ ಕಾಲಂನಲ್ಲಿ ಮತದಾರರನ್ನು ಕಾಣುತ್ತಾರೆ. ಅದನ್ನು ಖಾಲಿ ಜಾಗ ಎಂದುಕೊಂಡು ತಮ್ಮ ತಮ್ಮ ವಾದ ತುಂಬಿಸುತ್ತಿರುವವರು ಅಂಕಣಕಾರರು.